ಮಧ್ಯಾಹ್ನದ ಕೆಂಪಕ್ಷರ

ಚಳಿ ಹಿಂದೆಗೆಯುತ್ತಿದ್ದ ದಿನಗಳ ಒಂದು ಸೋಮವಾರ, ಮಧ್ಯಾಹ್ನ ಒಂದೂವರೆ ಗಂಟೆ. ಮರೆತ ಕನ್ನಡಕಕ್ಕೆಂದು ಊಟ ಅರ್ಧಕ್ಕೆ ಬಿಟ್ಟು ತರಗತಿಗೆ ಮರಳಿದ ಪೇಂಟರ್ ಬಾಗಿಲಲ್ಲೇ ನಿಂತ. ಅವನ ಕುರ್ಚಿಯಲ್ಲಿ ಟೈಲರಮ್ಮ ಕೂತಿದ್ದಳು. ಎದುರಿನ ಪರದೆಯ ಮೇಲೆ ಅವನದೇ ಪುಟ ತೆರೆದಿತ್ತು.

ಕೆಮ್ಮಿದ. ಅವಳು ದಡಕ್ಕನೆ ಪುಟ ಮುಚ್ಚಿ ಎದ್ದಳು.

"ಸುಮ್ನೆ ನೋಡ್ತಿದ್ದೆ, ಅಣ್ಣಾ."

ಮುಖ ಎತ್ತಲಿಲ್ಲ. ಕದ್ದವರ ಮುಖ ಹೀಗೇ ಇರುತ್ತದೆ ಎಂದುಕೊಂಡ.

ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದ ಕೈ ಅವನದು. ಏಣಿಯ ಮೇಲೆ ನಿಂತು, ದಾರ ಹಿಡಿಯದೆ ನೆಟ್ಟಗೆ ಗೆರೆ ಎಳೆಯುತ್ತಿದ್ದವನು. ಬೋರ್ಡುಗಳನ್ನು ಯಂತ್ರವೇ ಮುದ್ರಿಸತೊಡಗಿದ ಮೇಲೆ ಏಣಿ ಗೋಡೆಗೊರಗಿತು. ಅರವತ್ತರ ಅಂಚಿನಲ್ಲಿ, ಕಂಪ್ಯೂಟರಿನಲ್ಲಿ ಚಿತ್ರಕಥೆಗಳಿಗೆ ಬಣ್ಣ ತುಂಬುವುದನ್ನು ಕಲಿಯಲು ಬಂದಿದ್ದ. ಮೇಜಿನ ಮೇಲಿನ ಕಪ್ಪು ಸ್ಲೇಟಿನಲ್ಲಿ ಪೆನ್ನು ಎಳೆದರೆ ಗೆರೆ ಪರದೆಯಲ್ಲಿ ಮೂಡುತ್ತಿತ್ತು. ಕೈಯೊಂದು ಕಡೆ, ಕಣ್ಣೊಂದು ಕಡೆ. ಹಿಂದಿನ ಸಾಲಿನವರು ಕಿಸಕ್ಕೆಂದರೆ ಕಿವಿ ಬಿಸಿಯಾಗುತ್ತಿತ್ತು. ಹಳೇ ಗಿರಾಕಿಗಳು ಬೀದಿಯಲ್ಲಿ ಸಿಕ್ಕಿ ಎಲ್ಲಿಗೆ ಎಂದರೆ ಡಾಕ್ಟರ ಹತ್ತಿರ ಎನ್ನುತ್ತಿದ್ದ.

ಅವನನ್ನು ಉಳಿಸಿದ್ದು ಕೆಂಪಕ್ಷರ. ದಿನಾ ಊಟ ಮುಗಿಸಿ ಬಂದರೆ ಎಲ್ಲರ ಪುಟದ ಮೇಲೂ ಗಾಜಿನ ಹಾಳೆಯಂಥ ಹೊಸದೊಂದು ಪದರ, ಅದರಲ್ಲಿ ಕೆಂಪಿನಲ್ಲಿ ಮೇಷ್ಟ್ರ ತಿದ್ದುಪಡಿ. ನೆರಳಿಗೆ ಕಪ್ಪು ಬೇಡ, ನೇರಳೆ ಇಟ್ಟು ನೋಡಿ. ಕೆನ್ನೆಯ ಬಣ್ಣ ತೋಳಿಗೂ ಹೊಂದಲಿ. ಇಲ್ಲಿ ಬಣ್ಣದ ಅಂಚು ಬಿಚ್ಚಿಕೊಂಡಿದೆ, ಗೆರೆಯೊಳಗೆ ಮಡಚಿ. ಬೈಗುಳವಿಲ್ಲ, ಕೊಂಕಿಲ್ಲ. ಮನೆಯಲ್ಲಿ ಹೆಂಡತಿಗೆ ಆ ಮಾತುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಟೈಲರಮ್ಮನ ಪುಟದ ಮೇಲೆ ಮಾತ್ರ ಕೆಂಪು ಎಂದೂ ಬೀಳುತ್ತಿರಲಿಲ್ಲ. ಮೇಷ್ಟ್ರಿಗೆ ಅವಳು ಅಷ್ಟಕ್ಕಷ್ಟೇ ಎಂದು ಅವನು ಲೆಕ್ಕ ಹಾಕಿದ್ದ.

ಎದುರಿಗೆ ಮೇಷ್ಟ್ರು ಬೇರೆಯೇ ಮನುಷ್ಯ. ಯಾರ ಪುಟವೇ ಆಗಲಿ, ಮೊದಲು ಕಪ್ಪು-ಬಿಳುಪಿಗೆ ತಿರುಗಿಸುವರು. "ಬಣ್ಣಕ್ಕೆ ಮರುಳಾಗ್ಬೇಡಿ, ಬೆಳಕು ನೆರಳು ನಿಂತಿದ್ಯಾ ಅಷ್ಟು ನೋಡಿ" ಎನ್ನುವರು. ಒಂದು ಕಾಲಿಗೆ ಹಸಿರು ಕಾಲುಚೀಲ, ಇನ್ನೊಂದಕ್ಕೆ ಕಂದು ಹಾಕಿಕೊಂಡು ಬಂದ ದಿನ, ಕಲಾವಿದರೆಂದರೆ ಹೀಗೇ ಎಂದು ತರಗತಿ ನಕ್ಕಿತ್ತು. ಮೇಷ್ಟ್ರು ನಕ್ಕಿರಲಿಲ್ಲ.

ಆ ವಾರವೇ ಮಕ್ಕಳ ಪುಸ್ತಕ ಮಾಡುವ ಮುದ್ರಣಾಲಯದವರು ಬರುವವರಿದ್ದರು. ಒಬ್ಬರಿಗೆ ಕಾಯಂ ಕೆಲಸ, ಒಬ್ಬರಿಗೆ ಮಾತ್ರ. ಇಪ್ಪತ್ತು ವರ್ಷ ಬಟ್ಟೆಗೆ ದಾರ ಹೊಂದಿಸಿ ಬಂದ ಟೈಲರಮ್ಮ ಒಂದು ಕಡೆ, ಅವನೊಂದು ಕಡೆ. ಉಳಿದವರು ಲೆಕ್ಕಕ್ಕಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಸೋಮವಾರ ಕನ್ನಡಕ ತೆಗೆದುಕೊಂಡು ಹೋಗಿ, ಉಳಿದ ಊಟ ಮುಗಿಸಿ ಬಂದರೆ ಅವನ ಪುಟದ ಮೇಲೆ ಕೆಂಪಕ್ಷರ ಇರಲಿಲ್ಲ. ಅಳಿಸಿಬಿಟ್ಟಿದ್ದಾಳೆ. ಪಕ್ಕಕ್ಕೆ ಕಣ್ಣು ಹಾಯಿಸಿದ. ಅವಳ ಚಿತ್ರದ ಮರದ ಕೆಳಗೂ ಅದೇ ನೇರಳೆ ನೆರಳು.

ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರೆ, ದುಡುಕಬೇಡಿ ಎಂದಳು ಅವಳು. ಕೇಳುವ ಕಿವಿ ಅಂದು ಅವನಿಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ತುಂಬಿದ ತರಗತಿಯಲ್ಲಿ ಎದ್ದು ನಿಂತ. ಏಣಿಯ ಮೇಲಿನಿಂದ ಕೂಗಿ ಪಳಗಿದ ದನಿ. ನಾವು ಊಟಕ್ಕೆ ಹೋದಾಗ ನನ್ನ ಪುಟ ತೆರೆಯುತ್ತಾಳೆ, ಮೇಷ್ಟ್ರು ನನಗೆ ಹೇಳಿಕೊಟ್ಟದ್ದನ್ನು ಕದಿಯುತ್ತಾಳೆ, ನಿನ್ನೆ ಅಳಿಸಿಯೂ ಬಿಟ್ಟಳು ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

"ಗಿರಾಕಿ ಬಟ್ಟೇಲಿ ತುಂಡು ಉಳಿಸ್ಕೊಂಡ ಕೈ, ಇಲ್ಲಿಗೆ ಬಂದ್ರೆ ಸುಮ್ನಿರುತ್ತಾ?"

ಯಾರೂ ನಗಲಿಲ್ಲ.

"ಅವರ ಪುಟ ತೆಗ್ದಿದ್ದು ನಿಜಾನಾ?" ಮೇಷ್ಟ್ರ ದನಿ ಸಣ್ಣಗಿತ್ತು.

"ನಿಜ, ಸರ್."

ಯಾಕೆ ಎಂದು ಅವರು ಕೇಳಲಿಲ್ಲ. ಇನ್ನೊಂದು ಮಾತು ಬಾಕಿಯಿದೆ ಎಂಬಂತೆ ಅವಳು ಅವರ ಮುಖವನ್ನೇ ನೋಡುತ್ತ ನಿಂತಳು. ಮೇಷ್ಟ್ರು ಕಿಟಕಿಯತ್ತ ತಿರುಗಿದರು. ಟೈಲರಮ್ಮ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಹೋಗುವಾಗ ಅವನ ಪರದೆಯ ಮುಂದೆ ಒಂದು ಗಳಿಗೆ ನಿಂತಳು.

"ನೇರಳೆ ಸ್ವಲ್ಪ ಜಾಸ್ತಿಯಾಗಿದೆ, ಅಣ್ಣಾ."

ಚುಚ್ಚಿ ಹೋದಳು ಎಂದುಕೊಂಡ. ಆದರೂ ಮಧ್ಯಾಹ್ನ, ಯಾರೂ ನೋಡದಾಗ, ನೇರಳೆಯನ್ನು ಒಂದಿಷ್ಟು ಇಳಿಸಿದ. ಮರ ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತಿತು. ಅದನ್ನು ಕಂಡು ಅವನಿಗೆ ಖುಷಿಯಾಗಲಿಲ್ಲ. ತುಂಡು ಬಟ್ಟೆಯ ಮಾತು ನಾಲಿಗೆಯ ಮೇಲೆ ಕಹಿಯಾಗಿ ಕೂತಿತ್ತು.

ಟೈಲರಮ್ಮ ಮತ್ತೆ ತರಗತಿಗೆ ಬರಲಿಲ್ಲ. ಗುರುವಾರ ಮುದ್ರಣಾಲಯದವರು ಬಂದರು. ಆ ಮರದ ಪುಟವನ್ನೇ ಎತ್ತಿ ಹಿಡಿದು ಅವನನ್ನು ಆರಿಸಿದರು. ಚಪ್ಪಾಳೆ ಬಿತ್ತು. ಅವನು ತಲೆ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಮೇಷ್ಟ್ರ ಕೋಣೆಗೆ ಹೋದ. ಕದ್ದದ್ದು ಕದ್ದದ್ದೇ, ಆದರೆ ಆಡಬಾರದ ಮಾತೊಂದು ಆಡಿದೆ, ಕ್ಷಮೆ ಕೇಳಬೇಕು, ಅವಳ ಮನೆ ಎಲ್ಲಿ ಎಂದು ವಿಚಾರಿಸಿದ. ಮೇಷ್ಟ್ರು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು. ಮಂಗಳವಾರದಿಂದ ಕೆಂಪಕ್ಷರ ನಿಂತಿದೆ, ನನ್ನ ಮೇಲೆ ಸಿಟ್ಟೇ ಎಂದ. ಅವನೇ ಹಳೆಯ ಪುಟವೊಂದನ್ನು ತೆರೆದು ಅವರ ಮುಂದಿಟ್ಟ. ಹಸಿರು ತೋಟದ ಚಿತ್ರ. ಎಲೆಗಳ ಮೇಲೆಲ್ಲ ಕೆಂಪು ಅಕ್ಷರ.

"ಇಷ್ಟೊಂದು ಬರೀತಿದ್ರಲ್ಲ ಸರ್. ಹೊಸ ಪುಟಕ್ಕೆ ಒಂದು ಸಾಲಾದ್ರೂ ಬರೀರಿ."

ಮೇಷ್ಟ್ರು ಮೂಗು ತಾಗುವಷ್ಟು ಬಗ್ಗಿದರು. ಅವರ ಬೆರಳು ಎಲೆಗಳ ಮೇಲೆ ತಡಕಾಡಿತು, ಅಕ್ಷರಗಳನ್ನು ದಾಟಿ ಹೋಯಿತು, ಮತ್ತೆ ಹಿಂದೆ ಬಂತು.

"ಎಲ್ಲಿದೆ, ಯಜಮಾನ್ರೇ?" ಎಂದರು. ಆಮೇಲೆ ನೆಲ ನೋಡುತ್ತ, "ಹಸಿರಿನ ಮೇಲೆ ಕೆಂಪು ನನಗೆ ಹುಟ್ಟಿದಾಗಿಂದ ಕಾಣಲ್ಲ. ಬಣ್ಣ ನೋಡಿ ನೀವೇ ಬರೀರಿ, ಯಾರಿಗೂ ಹೇಳ್ಬೇಡಿ ಅಂತ ಟೈಲರಮ್ಮನ್ನ ನಾನೇ ಕೇಳ್ಕೊಂಡಿದ್ದೆ" ಎಂದರು.

ತಲೆ ತಗ್ಗಿಸಿ ಎದ್ದು ಹೋಗಬೇಕಾದವರಿಬ್ಬರೂ ಆ ಕೋಣೆಯಲ್ಲೇ ಕೂತಿದ್ದರು. ಮಂಗಳವಾರ ಎದ್ದು ಹೋದವಳು ಟೈಲರಮ್ಮ.