ಜಲಜನರ ಪರವಾಗಿ ಒಂದು ಕಾಗದ

ಹಾಸಿಗೆ ಬಟ್ಟೆಯ ಎರಡು ಮೂಲೆ ಇಸ್ತ್ರಿ ಅಕ್ಕನ ಕೈಯಲ್ಲಿ, ಇನ್ನೆರಡು ಉದ್ದಕ್ಕನ ಕೈಯಲ್ಲಿ. ಜಗ್ಗಿ ಎಳೆದರು, ಕೊಡವಿದರು, ಒಂದು ಹೆಜ್ಜೆ ಮುಂದೆ ಬಂದು ಅರ್ಧಕ್ಕೆ ಮಡಿಚಿದರು. ಇಬ್ಬರಲ್ಲೂ ಮಾತಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಒಟ್ಟಿಗೆ ದುಡಿದವರು. ಅಲ್ಲಿ ಯಂತ್ರಗಳ ಗದ್ದಲಕ್ಕೆ ಕಿವಿಗೆ ಹತ್ತಿ ತುರುಕಿಕೊಂಡು, ಕೈಯಲ್ಲೇ ಮಾತಾಡಿದವರು. ಕೈ ತುಂಬಿದ್ದರೆ ಬಾಯಿಯೂ ಮುಚ್ಚುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

ತೆರೆದೇ ಇದ್ದ ಬಾಗಿಲಿನಿಂದ ಅಭಿಮಾನಿ ಸಂಘದ ಕಾರ್ಯದರ್ಶಿ ಒಳಗೆ ಬಂದು, ಇಸ್ತ್ರಿ ಅಕ್ಕ ಕೊಟ್ಟಿದ್ದ ದಪ್ಪ ಲಕೋಟೆಯನ್ನು ಮರಳಿ ಮೇಜಿನ ಮೇಲಿಟ್ಟ. ಕನ್ನಡಕದ ಅಂಗಡಿ ನಡೆಸುವ ಯುವಕ. ಟೀವಿಯ ‘ಏಳನೆಯ ಹಡಗು’ ಧಾರಾವಾಹಿಯ ಮೇಲೆ ಅಭಿಮಾನಿಗಳು ಕಟ್ಟುವ ಕಥೆಗಳೆಲ್ಲ ಅವನ ಕೈ ದಾಟಿಯೇ ಹೋಗಬೇಕು. ಸಂಘದ ಮೊಹರಿಲ್ಲದ ಕಾಗದವನ್ನು ಧಾರಾವಾಹಿಯವರು ಒಡೆಯುವುದೂ ಇಲ್ಲ.

“ಈ ವರ್ಷವೂ ಆಗಲ್ಲ ಅಮ್ಮ, ಬೇಜಾರು ಮಾಡ್ಕೋಬೇಡಿ.”

“ಇದು ಮೂರನೇ ವರ್ಷ ಕಣಪ್ಪ,” ಎಂದಳು ಇಸ್ತ್ರಿ ಅಕ್ಕ, ಹಿಡಿದ ಮಡಿಕೆ ಬಿಡದೆ. “ಮುಂದಿನ ಭಾಗ ಬರೆಯೋಕೆ ಸೋಮವಾರ ಕೂರ್ತಾರಂತೆ. ಜಲಜನರನ್ನ ಮುಗಿಸೇಬಿಡ್ತಾರಂತೆ. ಇವತ್ತು ಹೋಗದ ಕಾಗದ ಇನ್ಯಾವತ್ತು ಹೋದ್ರೆ ಏನು ಬಂತು?”

ಜಲಜನರೆಂದರೆ ಆ ಧಾರಾವಾಹಿಯಲ್ಲಿ ದೂರದ ಗ್ರಹವೊಂದರ ನೀರೊಳಗಿನ ಜನ. ಬಾಯಿಲ್ಲ, ದನಿಯಿಲ್ಲ, ಆರಾರು ತೋಳು. ಮಾತು ಬಾರದ ಪ್ರಾಣಿಗಳೆಂದು ಹಡಗಿನ ಕಪ್ತಾನ ಅವರನ್ನು ಬೋನಿಗೆ ಹಾಕಿದ್ದ. ಅದನ್ನು ನೋಡಿದ ದಿನ ಅಕ್ಕನಿಗೆ ಊಟ ಸೇರಿರಲಿಲ್ಲ. ಐವತ್ತೆಂಟನೆಯ ವಯಸ್ಸಿಗೆ ರಾತ್ರಿ ಶಾಲೆ ಸೇರಿ ಭಾಷಾಶಾಸ್ತ್ರದ ಪಾಠ ಕೇಳಿದವಳು, ಕಲಿತದ್ದನ್ನೆಲ್ಲ ಹಾಕಿ ಒಂದು ಕಥೆ ಬರೆದಿದ್ದಳು. ಅದರಲ್ಲಿ ಜಲಜನರು ತೋಳುಗಳಲ್ಲಿ ಮಾತಾಡುತ್ತಿದ್ದರು, ಕಪ್ತಾನ ಬೋನಿನ ಬೀಗ ತೆಗೆಯುತ್ತಿದ್ದ. ಜೊತೆಗೆ ಎರಡು ಪುಟದ ಕಾಗದ: ಅವರನ್ನು ಮೂಕರೆನ್ನಬೇಡಿ ಎಂದು.

“ಕಥೆ ಚೆನ್ನಾಗಿದೆ, ಇಲ್ಲ ಅನ್ನಲ್ಲ,” ಎಂದ ಕಾರ್ಯದರ್ಶಿ. “ಆದ್ರೆ ಕೈ ಆಡಿಸೋದು ಸನ್ನೆ. ಅದು ಭಾಷೆ ಹೇಗಾಗುತ್ತೆ? ಹಸಿವಾಗಿದೆ, ಬಾಗಿಲು ತೆಗಿ, ಅಷ್ಟು ನಮ್ಮನೆ ಬೆಕ್ಕೂ ಹೇಳುತ್ತೆ.”

ಉದ್ದಕ್ಕ ತನ್ನ ಕೈಯಲ್ಲಿದ್ದ ಮೂಲೆಗಳನ್ನು ಬಿಟ್ಟೇಬಿಟ್ಟಳು. “ಹಾಗಾದ್ರೆ ಮೂವತ್ತು ವರ್ಷ ನಾವು ಮಾತೇ ಆಡಿಲ್ವಾ? ಮಿಯಾಂವ್ ಅಂತಿದ್ವಾ?”

“ಸುಮ್ನಿರೇ,” ಎಂದು ಅಕ್ಕ ಜಾರಿದ ಬಟ್ಟೆಯನ್ನು ಒಬ್ಬಳೇ ಮಡಿಚಿಟ್ಟಳು. “ನೋಡಪ್ಪ, ನಮ್ಮ ಮೇಷ್ಟ್ರು ಹೇಳ್ತಿದ್ರು. ಕಣ್ಣೆದುರು ಇರೋದನ್ನ ತೋರಿಸೋಕೆ ಬೆರಳು ಸಾಕು. ಕಣ್ಣೆದುರು ಇಲ್ಲದ್ದನ್ನ ಹೇಳೋಕೆ ಭಾಷೆ ಬೇಕು. ನಾಳೆ ಆಗೋದು, ಎಂದೂ ಆಗದೇ ಇರೋದು, ಹಸಿ ಸುಳ್ಳು. ನನ್ನ ಕಿವೀಲಿ ನೀನೇ ಒಂದು ಸುಳ್ಳು ಹೇಳು. ಇವಳಿಗೆ ಮುಟ್ಟಿಸ್ತೀನಿ. ಮುಟ್ಟದಿದ್ರೆ ಲಕೋಟೆ ನಾನೇ ಹರಿದು ಹಾಕ್ತೀನಿ.”

ಉದ್ದಕ್ಕ ಮೂರು ಮಹಡಿ ಇಳಿದು, ರಸ್ತೆ ದಾಟಿ, ಆಚೆ ಬದಿಯ ಅಂಚೆ ಡಬ್ಬಿಯ ಪಕ್ಕ ನಿಂತಳು. ನಡುವೆ ಬಸ್ಸು, ಲಾರಿ, ಹಾರನ್ನು. ಕಿಟಕಿಯ ಹತ್ತಿರ ಕಾರ್ಯದರ್ಶಿ ತಲೆ ಕೆರೆದುಕೊಂಡು ಯೋಚಿಸಿ, ಅಕ್ಕನ ಕಿವಿಯಲ್ಲಿ ಒಂದು ಸುಳ್ಳು ಉಸುರಿದ. ಅಕ್ಕನ ಕೈಗಳು ಎದ್ದವು. ಬೆರಳು, ಮಣಿಕಟ್ಟು, ಹುಬ್ಬು, ತುಟಿ ಎಲ್ಲವೂ ಕೆಲಸಕ್ಕೆ ನಿಂತವು. ಅರ್ಧ ನಿಮಿಷ ಆಗಿರಬಹುದು. ಕೆಳಗೆ ಉದ್ದಕ್ಕ ಅಂಚೆ ಡಬ್ಬಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮೇಲೆ ಬಂದವಳು ಏದುಸಿರಿನ ನಡುವೆಯೇ ಒಪ್ಪಿಸಿದಳು: “ಬರೋ ವರ್ಷ ನಿಂಗೆ ಅವಳಿ ಹೆಣ್ಣುಮಕ್ಕಳು ಹುಟ್ತಾರೆ. ಬೆಳೆದ ಮೇಲೆ ಕನ್ನಡಕದ ಅಂಗಡಿ ಬೇಡ ಅಂತ ನಿನ್ನ ಜೊತೆ ಜಗಳ ಆಡಿ, ಇಬ್ಬರೂ ಹಡಗು ನಡೆಸೋಕೆ ಹೊರಟುಹೋಗ್ತಾರೆ. ಇಷ್ಟೂ ಸುಳ್ಳು, ಮೊದಲು ಇವನಿಗೆ ಮದುವೆ ಆಗ್ಲಿ. ಆ ಕೊನೇ ಮಾತು ಇವಳು ಸೇರಿಸಿದ್ದು.”

ಕಾರ್ಯದರ್ಶಿ ಬೆರಳು ಮಡಿಚಿ ಎಣಿಸಿದ: ಅವಳಿ, ಜಗಳ, ಹಡಗು, ಒಂದೂ ತಪ್ಪಿರಲಿಲ್ಲ. ಉದ್ದಕ್ಕ ಇನ್ನೂ ಮುಗಿಸಿರಲಿಲ್ಲ.

“ಇನ್ನೂ ಒಂದು ಹೇಳಿದಳು. ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತು ಕಾಲರ್ ಸುಟ್ಕೊಂಡಿದೀಯಂತೆ. ನೋಡಿ ನಗಬೇಡ ಅಂತ ನಂಗೆ ಅಂದಳು.”

ಅವನ ಕೈ ತಾನಾಗಿ ಕತ್ತಿನ ಹಿಂದೆ ಹೋಯಿತು. ಅಲ್ಲಿಂದ ಚೀಲಕ್ಕೆ ಹೋಗಿ ಮೊಹರನ್ನು ತೆಗೆಯಿತು. ಲಕೋಟೆಯ ಮೇಲೆ ಒಂದು ಸಲ ಒತ್ತಿದ, ಮತ್ತೊಂದು ಸಲ, ಇನ್ನೂ ಒಂದು ಸಲ.

“ಒಂದು ಸಾಕಲ್ಲಪ್ಪ?”

“ಮೂರು ವರ್ಷ ಕಾಯಿಸಿದೀನಲ್ಲಮ್ಮ. ಕೊಡಿ, ನಾನೇ ಹಾಕಿ ಹೋಗ್ತೀನಿ.”

“ಇಷ್ಟು ವರ್ಷ ನಿನ್ನ ಕೈಲಿ ಇದ್ದದ್ದು ಸಾಕು,” ಎಂದು ಅಕ್ಕ ಲಕೋಟೆ ಎತ್ತಿಕೊಂಡು ಅವನ ಜೊತೆಗೇ ಇಳಿದಳು. ಉದ್ದಕ್ಕ ಮೊಣಕಾಲು ನೀವಿಕೊಳ್ಳುತ್ತ ಕಿಟಕಿಯಲ್ಲೇ ಉಳಿದಳು.

ರಸ್ತೆಯಾಚೆ ಅಂಚೆ ಡಬ್ಬಿಯ ಬಾಯಿಗೆ ಲಕೋಟೆ ಇಟ್ಟ ಅಕ್ಕ ಯಾಕೋ ತಡೆದಳು. ಅರ್ಧ ಒಳಗೆ, ಅರ್ಧ ಹೊರಗೆ. ಮೂರನೆಯ ಮಹಡಿಯ ಕಿಟಕಿಯಲ್ಲಿ ಉದ್ದನೆಯ ಎರಡು ಕೈಗಳು ಆಡಿದವು.

“ಏನಂತಾರೆ?” ಕಾರ್ಯದರ್ಶಿ ಕೇಳಿದ. ಅವನ ಕಣ್ಣು ಕಿಟಕಿಯಿಂದ ಕದಲಿರಲಿಲ್ಲ.

“ಜಲಜನರು ಬೋನಿಂದ ಹೊರಗೆ ಬರೋ ದಿನ ಟೀವಿ ನೋಡೋಕೆ ಯಾರ್ಯಾರನ್ನ ಕರೀಬೇಕು ಅಂತ ಕೇಳ್ತಾಳೆ.”

ಅದಕ್ಕೆ ಉತ್ತರ ಹೇಳಲು ಎರಡೂ ಕೈ ಬೇಕಿತ್ತು. ಅಕ್ಕ ಲಕೋಟೆಯನ್ನು ಬಿಟ್ಟಳು.