ಚೂರಿಯ ತುದಿಯ ಸುಣ್ಣ

ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹಂಸಾಳ ಕೈಗೆ ಕಣಜ ಕಚ್ಚಿತು. ಉರಿಗೆ ಜೀವ ಹೋದಂತಾಯಿತು. ಪುತ್ತೂರಿನ ತವರಾಗಿದ್ದರೆ ಯಾರಾದರೂ ಓಡಿಬಂದು ಸುಣ್ಣ ಹಚ್ಚುತ್ತಿದ್ದರು. ಕೇರಳದ ಪಟ್ಟಂನ ಈ ಫ್ಲ್ಯಾಟಿನಲ್ಲಿ ಸುಣ್ಣ ಸಿಗುವುದು ಎದುರು ಮನೆಯಲ್ಲಿ, ಎಲೆಯಡಿಕೆ ಜಗಿಯುವ ಭಾರತಿಯಮ್ಮನ ಬಳಿ ಮಾತ್ರ. ಆ ಬಾಗಿಲು ತಟ್ಟಲು ಇತ್ತೀಚೆಗೆ ಅವಳಿಗೆ ಮನಸ್ಸೇ ಇಲ್ಲ.

ಕಾರಣ, ಆರು ವರ್ಷದ ಮಗಳು ಇಂಚರಾ. ಶಾಲೆ ಬಿಟ್ಟು ಆ ಮನೆ ಹೊಕ್ಕರೆ ಸಂಜೆಯವರೆಗೆ ಹೊರಬರುವುದಿಲ್ಲ. ಯಾವಾಗ ಇಣುಕಿದರೂ, ಅವಳು ಅಮ್ಮೂಮ್ಮ, ಅಂದರೆ ಅಜ್ಜಿ, ಎಂದು ಕರೆಯುವ ಭಾರತಿಯಮ್ಮನ ಮಡಿಲಲ್ಲಿ ನಿದ್ದೆ. ಮುಖ ಬಿಳಿಚಿದೆ, ಕಣ್ಣ ಸುತ್ತ ಕಪ್ಪು. ರಕ್ತ ಪರೀಕ್ಷೆ ಮಾಡಿಸಿದರೆ ಡಾಕ್ಟರು ಏನೂ ಇಲ್ಲ ಎಂದರು. ಮುದುಕಿ ಏನನ್ನೋ ಕುಡಿಸಿ ಮಗುವನ್ನು ಮಲಗಿಸುತ್ತಿದ್ದಾಳೆ ಎಂಬ ಅನುಮಾನ ಹಂಸಾಳ ತಲೆ ಹೊಕ್ಕಿತ್ತು. ಸೋಮವಾರದಿಂದ ಮಗಳನ್ನು ಅಲ್ಲಿಗೆ ಬಿಡುವುದಿಲ್ಲವೆಂದು ಗಂಡನಿಗೂ ಹೇಳಿಯಾಗಿತ್ತು.

ತಮಾಷೆಯೆಂದರೆ, ಹಂಸಾ ಬರೆಯುತ್ತಿದ್ದ ಸಂಶೋಧನಾ ಪ್ರಬಂಧವೂ ಅನುಮಾನದ ಕುರಿತೇ. ಪಶ್ಚಿಮದ ಕಥೆಗಳ ರಕ್ತ ಹೀರುವ ಪ್ರೇತಗಳನ್ನೂ ದಾರಿಹೋಕರ ರಕ್ತ ಕುಡಿಯುವ ಕೇರಳದ ಯಕ್ಷಿಯನ್ನೂ ಅವಳು ಪಕ್ಕಪಕ್ಕ ಇಟ್ಟಿದ್ದಳು. ಪ್ರೇತ ಏಳುವುದು ಗೋರಿಯಿಂದಲ್ಲ, ನೆರೆಹೊರೆಯ ಸಂಶಯದಿಂದ ಎಂಬುದು ಅವಳ ವಾದ. ಮಗಳು ಮಲಗುವ ಕೋಣೆಯಲ್ಲೇ ಕೂತು ರಾತ್ರಿಯೆಲ್ಲ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿ ತಿದ್ದಿ, ಹಗಲು ಪರದೆ ಎಳೆದು ಮಲಗುತ್ತಿದ್ದಳು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಕೆದರಿದ ಕೂದಲು, ನಿದ್ದೆಗೆಟ್ಟ ಕೆಂಪು ಕಣ್ಣು, ಹಾಗೇ ಹೋಗಿ ಬಾಗಿಲು ತಟ್ಟಿದಳು. ಹರಕುಮುರುಕು ಮಲಯಾಳದಲ್ಲಿ ಸ್ವಲ್ಪ ಸುಣ್ಣ ಕೇಳಿದಳು. ಭಾರತಿಯಮ್ಮ ಸುಣ್ಣದ ಡಬ್ಬಿ ತೆರೆದರು. ಅಷ್ಟರಲ್ಲಿ ಇಂಚರಾ ಅವರ ಸೆರಗು ಜಗ್ಗಿ, ಕಿವಿಯಲ್ಲಿ ಏನೋ ಉಸುರಿದಳು. ಮುದುಕಿ ಅಡುಗೆಮನೆಯಿಂದ ಕಬ್ಬಿಣದ ಚೂರಿ ತಂದರು. ಅದರ ತುದಿಗೆ ಸುಣ್ಣ ಹಚ್ಚಿ ಹೊಸಿಲಾಚೆ ಚಾಚಿದರು.

ಹಂಸಾಳಿಗೆ ಮೈಯೆಲ್ಲ ಉರಿಯಿತು. ಚೆಲುವೆಯ ವೇಷದಲ್ಲಿ ಬಂದು ಸುಣ್ಣ ಬೇಡುವವಳು ಯಕ್ಷಿ. ಕೈಯಲ್ಲಿ ಕೊಟ್ಟವನು ಕೆಟ್ಟ. ಕಬ್ಬಿಣದ ತುದಿಯಲ್ಲಿ ಕೊಟ್ಟರೆ ಮುಟ್ಟಲಾರದೆ ಓಡುತ್ತಾಳೆ. ಮೂರನೆಯ ಅಧ್ಯಾಯದಲ್ಲಿ ಅವಳೇ ಬರೆದದ್ದು. ಹಾಗಾದರೆ ಇಷ್ಟು ದಿನ ಈ ಮುದುಕಿ ನನ್ನನ್ನು ಹೀಗೆ ತಿಳಿದಿದ್ದಳೇ?

“ಏನಿದು, ಅಮ್ಮೂಮ್ಮ?”

“ನನಗೋಸ್ಕರ ಅಲ್ಲ, ಮಗಳೇ,” ಎಂದರು ಭಾರತಿಯಮ್ಮ ಮೆಲ್ಲನೆ, ಮಲಯಾಳದಲ್ಲೇ. “ಇವಳಿಗೋಸ್ಕರ.”

ಸೆರಗಿನ ಹಿಂದಿನಿಂದ ಎರಡು ಕಪ್ಪುಗಟ್ಟಿದ ಕಣ್ಣು ಹಂಸಾಳ ಕೈಯನ್ನೇ ನೋಡುತ್ತಿದ್ದವು. ಮಗಳು ಉಸಿರು ಬಿಗಿಹಿಡಿದಿದ್ದಳು. ಏನು ಕೇಳಿದರೂ ಮಲಯಾಳದಲ್ಲೇ ಉತ್ತರಿಸುವ ಹುಡುಗಿ ಇಂದು ಕನ್ನಡದಲ್ಲಿ ಬೇಡಿಕೊಂಡಳು.

“ಅಮ್ಮಾ, ನೀನು ಅದನ್ನು ಮುಟ್ಟು.”

ಹಂಸಾಳ ಸಿಟ್ಟು ಎಲ್ಲಿ ಹೋಯಿತೋ. ಕಣಜ ಕಚ್ಚಿದ್ದೂ ಮರೆತುಹೋಯಿತು. ಬೆರಳಲ್ಲಿ ಸುಣ್ಣ ಒರೆಸಿಕೊಂಡಳು. ಸಾಲದೆಂಬಂತೆ ಚೂರಿಯ ಅಲಗನ್ನು ಅಂಗೈಯಲ್ಲಿ ಹಿಡಿದು ನಿಂತಳು.

ಇಂಚರಾ ದೀರ್ಘವಾಗಿ ಉಸಿರು ಬಿಟ್ಟು, ಸೆರಗು ಬಿಟ್ಟು, ಈಚೆ ಬಂದಳು.

“ಹಾಗಾದ್ರೆ ಇವತ್ತು ರಾತ್ರಿ ನಾನು ನಿದ್ದೆ ಮಾಡ್ತೇನೆ.”