ಕಿವಿ ಮುಟ್ಟಿದ ಹೆಸರು

ಹಾಡಲು ಕುಳಿತ ನೀಲಮ್ಮ ಮೈಕಿನ ಮುಂದೆ ಬಲಗಿವಿ ಮುಟ್ಟಿಕೊಂಡಳು. ಹೆಂಗಸರ ಸಾಲಿನಲ್ಲಿದ್ದ ಅವಳ ತಾಯಿ ಶಿವಕಾಂತಾಳ ಕಣ್ಣು ಆ ಕಿವಿಗೇ ಹೋಯಿತು. “ಯವ್ವಾ, ಮಂದಿ ಕಡಿಂದ ಕೇಳಿ ತಂದ ಝುಮಕಿ ಕಳದ್ಲು ನೋಡ್ರಿ!” ಎನ್ನುತ್ತ ಎದ್ದೇಬಿಟ್ಟಳು. ಸಂಗೀತ ಮಾಸ್ತರರ ಹೆಂಡತಿ ಶಾರದಾಬಾಯಿ ಸೆರಗು ಹಿಡಿದು ಕೂಡ್ರಿಸಿದಳು. “ಕೂಡ್ರಿ ಅಕ್ಕಾರ. ಗುರುವಿನ ಹೆಸರು ಹೇಳೋವಾಗ ಹಾಡೋರು ಕಿವಿ ಮುಟ್ಟಿಕೋತಾರ್ರಿ. ಅದು ಮರ್ಯಾದಿ.”

ಗಾಣಗಾಪುರದ ಧರ್ಮಶಾಲೆಯಲ್ಲಿ ನಡೆದ ಬೇಸಿಗೆ ಸಂಗೀತ ಶಿಬಿರದ ಕೊನೆಯ ದಿನ. ಮೊದಲ ಹಾಡು ನೀಲಮ್ಮನದೇ. ಮಾಸ್ತರರ ಹೆಸರು ಹೇಳಿ ಮುಗಿಸಿದರೂ ಅವಳು ಹಾಡು ಎತ್ತಲಿಲ್ಲ. ಕೈ ಮತ್ತೆ ಕಿವಿಗೆ ಹೋಯಿತು.

“ಈಗ ಬಿತ್ತು ನೋಡ್ರಿ!” ಎಂದಳು ಶಿವಕಾಂತಾ.

“ಬೀಸೋಕಲ್ಲಿನ ಮುಂದ ಕೂಡಿಸ್ಕೊಂಡು ನನಗ ಮೊದಲ ಪದ ಕಲಿಸಿದಾಕಿ,” ಮಗಳ ದನಿ ಇಡೀ ಧರ್ಮಶಾಲೆಗೆ ಕೇಳಿಸಿತು, “ನಮ್ಮವ್ವ, ಮಾದನಹಿಪ್ಪರಗಾದ ಶಿವಕಾಂತಾ.”

ಸಾಲಿಗೆ ಸಾಲೇ ತಿರುಗಿ ನೋಡಿತು. ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಶಿವಕಾಂತಾ ಎತ್ತಿದ ಕೈ ಅರ್ಧಕ್ಕೇ ನಿಂತಿತು. ಮೆಲ್ಲಗೆ ತನ್ನ ಕಿವಿಯನ್ನೇ ಮುಟ್ಟಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ನನಗ ಕಲಿಸಿದಾಕಿ ನಮ್ಮವ್ವರಿ, ಗುರಮ್ಮ.”